ಒಪ್ಪಿಸುವ ಮೊದಲೇ ಕರಗಿದ ರಾಜ್ಯ: ತಾಹಿತಿಯ ಐದನೆಯ ಪೊಮಾರೆ

ದಕ್ಷಿಣ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಲ್ಲಿ ಸುಮಾರು ತೊಂಬತ್ತು ವರ್ಷ ನಡೆದ ಪೊಮಾರೆ ಮನೆತನದ ಆಳ್ವಿಕೆ 1880ರ ಜೂನ್ 29ರಂದು ಒಂದು ಸಹಿಯೊಂದಿಗೆ ಮುಗಿಯಿತು. ಮೂರು ವರ್ಷಗಳ ಹಿಂದಷ್ಟೇ ಪಟ್ಟಕ್ಕೆ ಬಂದಿದ್ದ ಐದನೆಯ ಪೊಮಾರೆ ಅಂದು ತನ್ನ ರಾಜ್ಯದ ಪೂರ್ಣ ಪರಮಾಧಿಕಾರವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟು, ರಾಜನೆಂಬ ಬಿರುದನ್ನೂ ಅದಕ್ಕೆ ಸಲ್ಲುವ ಗೌರವಗಳನ್ನೂ ಒಂದು ಪಿಂಚಣಿಯನ್ನೂ ಉಳಿಸಿಕೊಂಡು, ಮುಂದೆ ಹನ್ನೊಂದು ವರ್ಷ ಬದುಕಿದ. ಕುಡಿತಕ್ಕೆ ದಾಸನಾಗಿದ್ದ ಅಸಮರ್ಥನೊಬ್ಬ ಪಿಂಚಣಿಯ ಆಸೆಗೆ ನಾಡನ್ನು ಮಾರಿದನೆಂಬ ವಿವರಣೆ ಪ್ರವಾಸಿಗರ ಬರಹಗಳಲ್ಲಿಯೂ ಜನಪ್ರಿಯ ಇತಿಹಾಸಗಳಲ್ಲಿಯೂ ಇಂದಿಗೂ ಕಾಣಸಿಗುತ್ತದೆ. ಆದರೆ ಆ ಸಹಿಗೆ ಹಿಂದಿನ ನಾಲ್ಕು ದಶಕಗಳ ಕಾನೂನುಗಳನ್ನೂ ಒಪ್ಪಂದಗಳನ್ನೂ ಒಂದೊಂದಾಗಿ ಎದುರಿಗಿಟ್ಟು ನೋಡಿದರೆ, ಬಿಟ್ಟುಕೊಡಲು ಅವನ ಕೈಯಲ್ಲಿ ಉಳಿದದ್ದಾದರೂ ಎಷ್ಟು ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಕೈಹಾಕುವ ಮುನ್ನ, ಐದನೆಯ ಪೊಮಾರೆಯ ಬಗ್ಗೆ ಬರೆದವರು ಯಾರೆಂಬುದನ್ನು ಗಮನಿಸಬೇಕಾಗುತ್ತದೆ, ಏಕೆಂದರೆ ಅವನ ಚಿತ್ರ ನಮಗೆ ದೊರೆತಿರುವುದು ಹೆಚ್ಚಾಗಿ ಇತರರ ಕೈಯಿಂದ. ಪ್ರೊಟೆಸ್ಟಂಟ್ ಮಿಷನರಿಗಳಿಗೆ ಅವನು ತಮ್ಮ ಶ್ರಮವನ್ನು ಹಾಳುಮಾಡಿದ ವಂಶಸ್ಥ; ಫ್ರೆಂಚ್ ಅಧಿಕಾರಿಗಳಿಗೆ ಅವನ ದೌರ್ಬಲ್ಯವೇ ತಮ್ಮ ಕ್ರಮಕ್ಕೆ ಸಮರ್ಥನೆ. ಇವೆರಡಕ್ಕಿಂತ ಹೆಚ್ಚು ಪ್ರಭಾವ ಬೀರಿದ ಮೂರನೆಯ ಆಕರವೆಂದರೆ ದ್ವೀಪದ ದಕ್ಷಿಣ ಭಾಗದ ತೇವಾ ಕುಲದ ನೆನಪುಗಳು. ಅಮೆರಿಕದ ಇತಿಹಾಸಕಾರ ಹೆನ್ರಿ ಆಡಮ್ಸ್ 1891ರ ಮೊದಲ ಭಾಗದಲ್ಲಿ ಕೆಲವು ತಿಂಗಳು ತಾಹಿತಿಯಲ್ಲಿದ್ದು, ಆ ಕುಲದ ಹಿರಿಯಳಾದ ಅರೀ ತೈಮಾಯಿಯ ಬಾಯಿಂದ ವಂಶಕಥನಗಳನ್ನು ಕೇಳಿ ಬರೆದುಕೊಂಡು, 1893ರಲ್ಲಿ ಖಾಸಗಿಯಾಗಿ ಅಚ್ಚುಹಾಕಿಸಿ, 1901ರಲ್ಲಿ ಪರಿಷ್ಕರಿಸಿದ. ಪೊಮಾರೆಗಳು ತಮ್ಮನ್ನು ಹಿಂದಿಕ್ಕಿ ಮೇಲೇರಿದ ಹೊಸಬರೆಂಬುದು ತೇವಾ ಕುಲದವರ ಭಾವನೆಯಾಗಿತ್ತು. ಮೇಲಾಗಿ ಅರೀ ತೈಮಾಯಿಯ ಮಗಳು ಮಾರಾವು ಐದನೆಯ ಪೊಮಾರೆಯನ್ನು ಮದುವೆಯಾಗಿ, ಬಾಳು ಹದಗೆಟ್ಟು, 1888ರಲ್ಲಿ ವಿಚ್ಛೇದನ ಪಡೆದವಳು. ಹೀಗೆ ರಾಜನ ಮೇಲಿನ ಅತ್ಯಂತ ಓದಿಸಿಕೊಳ್ಳುವ ಸಾಕ್ಷ್ಯವು ಹಳೆಯ ದಾಯಾದಿಗಳ ಮತ್ತು ದೂರವಾದ ಹೆಂಡತಿಯ ಮನೆಯಿಂದಲೇ ಬಂದಿದೆ ಎಂಬುದನ್ನು ಮರೆತವರು ಬಹಳ ಮಂದಿ. ಇದರ ಜೊತೆಗೆ ಕಾದಂಬರಿಕಾರ ಪಿಯೆರ್ ಲೋತಿ, ಹಿಂದಿನ ರಾಣಿಯ ಆಸ್ಥಾನವನ್ನು ಸಾಯುತ್ತಿರುವ ಜನಾಂಗದ ವಿಷಣ್ಣ ಹಿನ್ನೆಲೆಯಾಗಿ ಬಳಸಿಕೊಂಡ ಕಾದಂಬರಿಯೊಂದರಿಂದ, ರಾಜ್ಯವು ಕೈಬದಲಾದ ವರ್ಷದಲ್ಲೇ ಪ್ಯಾರಿಸ್ಸಿನಲ್ಲಿ ಜನಪ್ರಿಯನಾದ. (ಅದೇ ಕಾದಂಬರಿಯಿಂದ ಪ್ರೇರಣೆ ಪಡೆದುದೆಂದು ಹೇಳಲಾಗುವ 1883ರ ‘ಲಕ್ಮೇ’ ಎಂಬ ಫ್ರೆಂಚ್ ಸಂಗೀತನಾಟಕವು ಕಥೆಯನ್ನು ಬ್ರಿಟಿಷ್ ಭಾರತಕ್ಕೆ ತಂದು ನಾಯಕಿಯನ್ನು ಬ್ರಾಹ್ಮಣ ಪುರೋಹಿತನ ಮಗಳಾಗಿಸಿತು; ಯುರೋಪಿನ ಆ ಕಾಲದ ಕಲ್ಪನೆಗೆ ತಾಹಿತಿಯೂ ಭಾರತವೂ ಅಷ್ಟು ಸುಲಭವಾಗಿ ಅದಲುಬದಲಾಗುತ್ತಿದ್ದವು.)

ಪೊಮಾರೆ ಮನೆತನವು ಪುರಾತನವಾದುದೆಂಬ ನಂಬಿಕೆಯನ್ನು ಮೊದಲು ಬದಿಗಿಡಬೇಕು. 1767ರಲ್ಲಿ ಸ್ಯಾಮ್ಯುಯೆಲ್ ವಾಲಿಸ್‌ನ ಡಾಲ್ಫಿನ್ ಹಡಗು ಮಟವಾಯಿ ಕೊಲ್ಲಿಗೆ ಬಂದಾಗ ತಾಹಿತಿಗೆ ಒಬ್ಬ ರಾಜನಿರಲಿಲ್ಲ. ‘ಅರೀ’ ಎಂದು ಕರೆಯಲಾಗುತ್ತಿದ್ದ ಕುಲೀನ ನಾಯಕರು ತಮ್ಮ ತಮ್ಮ ಜಿಲ್ಲೆಗಳನ್ನು ಆಳುತ್ತ, ಮದುವೆ, ದತ್ತು ಮತ್ತು ಯುದ್ಧಗಳ ಮೂಲಕ ಮೇಲುಗೈಗಾಗಿ ಪೈಪೋಟಿ ನಡೆಸುತ್ತಿದ್ದರು. ನಾಯಕನೊಬ್ಬನ ಹಿರಿಮೆಯನ್ನು ಅಳೆಯುತ್ತಿದ್ದುದು ಅವನ ಸೈನ್ಯದಿಂದಲ್ಲ, ಅವನ ವಂಶವು ಯಾವ ‘ಮರಾಯೆ’ಯಲ್ಲಿ, ಅಂದರೆ ಕಲ್ಲು ಹಾಸಿದ ದೇವಸ್ಥಾನದ ಅಂಗಳದಲ್ಲಿ, ಆಸನದ ಹಕ್ಕು ಪಡೆದಿದೆ ಮತ್ತು ಯಾವ ಗರಿಪಟ್ಟಿಯನ್ನು ಸೊಂಟಕ್ಕೆ ಕಟ್ಟಲು ಅರ್ಹವಾಗಿದೆ ಎಂಬುದರಿಂದ. ಕೆಂಪು ಗರಿಗಳ ಈ ಪಟ್ಟಿಗೆ ‘ಮಾರೋ ಊರಾ’ ಎಂದು ಹೆಸರು. ಕಿರೀಟವನ್ನು ಕಾಣದ ಆ ನಾಡಿನಲ್ಲಿ ಪಟ್ಟಾಭಿಷೇಕದ ಮುಖ್ಯ ಲಾಂಛನ ಅದೇ. ವಾಲಿಸ್ ದ್ವೀಪವನ್ನು ಬ್ರಿಟಿಷ್ ದೊರೆಯ ಹೆಸರಿನಲ್ಲಿ ವಶಪಡಿಸಿಕೊಂಡೆನೆಂದು ಸಾರಲು ನೆಟ್ಟ ಕೆಂಪು ಧ್ವಜಪಟವನ್ನು ತಾಹಿತಿಯವರು ಕಿತ್ತುಕೊಂಡು ಹೋಗಿ ಇಂಥ ಒಂದು ಪಟ್ಟಿಯಲ್ಲಿ ಹೊಲಿದುಬಿಟ್ಟರು. ಆ ಪಟ್ಟಿ ಮುಂದೆ ಪೊಮಾರೆಗಳ ಕೈಸೇರಿತು. 1792ರಲ್ಲಿ ಅದನ್ನು ಕಂಡು ಚಿತ್ರ ಬರೆದುಕೊಂಡ ಬ್ರಿಟಿಷ್ ನೌಕಾಧಿಕಾರಿ ವಿಲಿಯಂ ಬ್ಲೈ, ಬೌಂಟಿ ಹಡಗಿನ ನಾವಿಕನೊಬ್ಬನ ಕೆಂಗೂದಲನ್ನೂ ಅದರಲ್ಲಿ ಸೇರಿಸಿದ್ದನ್ನು ದಾಖಲಿಸಿದ್ದಾನೆ. ವಿದೇಶಿಯರ ಅಧಿಕಾರದ ಗುರುತನ್ನು ತಮ್ಮ ಪಾವಿತ್ರ್ಯದ ಗುರುತಾಗಿ ಮಾಡಿಕೊಂಡ ಈ ಪಟ್ಟಿಗಿಂತ ಆ ಮನೆತನದ ಸ್ವರೂಪವನ್ನು ಚೆನ್ನಾಗಿ ತೋರಿಸುವ ವಸ್ತು ಇನ್ನೊಂದಿಲ್ಲ.

ಮನೆತನದ ಮೂಲಪುರುಷ ತೂ, ಯುರೋಪಿನ ಹಡಗುಗಳು ಲಂಗರು ಹಾಕುತ್ತಿದ್ದ ಮಟವಾಯಿ ಕೊಲ್ಲಿಗೆ ಹತ್ತಿರದ ಪಾರೆ–ಅರುಯೆ ಪ್ರದೇಶದ ನಾಯಕ. ಜೇಮ್ಸ್ ಕುಕ್ ಮೊದಲಾದವರು ಅವನನ್ನು ಇಡೀ ದ್ವೀಪದ ರಾಜನೆಂದು ಭಾವಿಸಿ ಉಡುಗೊರೆಗಳನ್ನು ಸುರಿದರು. 1789ರಲ್ಲಿ ದಂಗೆಯೆದ್ದ ಬೌಂಟಿಯ ನಾವಿಕರಲ್ಲಿ ದ್ವೀಪದಲ್ಲೇ ಉಳಿದ ಕೆಲವರು ತಮ್ಮ ಕೋವಿಗಳೊಂದಿಗೆ ಅವನ ಪರವಾಗಿ ಹೋರಾಡಿದರು. ಅವನು ತಳೆದ ‘ಪೊಮಾರೆ’ ಎಂಬ ಹೆಸರಿಗೆ ‘ರಾತ್ರಿಯ ಕೆಮ್ಮು’ ಎಂದರ್ಥ. ಕ್ಷಯದಂಥ ರೋಗದಿಂದ ಕೆಮ್ಮಿ ಕೆಮ್ಮಿ ಸತ್ತ ತನ್ನ ಮಗುವಿನ ನೆನಪಿಗೆ ಅವನು ಅದನ್ನು ಇಟ್ಟುಕೊಂಡನೆಂದು ಪರಂಪರೆ ಹೇಳುತ್ತದೆ. 1801ರಿಂದ ನ್ಯೂ ಸೌತ್ ವೇಲ್ಸ್ ವಸಾಹತಿಗೆ ಉಪ್ಪು ಹಾಕಿದ ಹಂದಿಮಾಂಸ ರವಾನೆಯಾಗತೊಡಗಿ, ಅದಕ್ಕೆ ಬದಲಾಗಿ ಬಂದೂಕುಗಳು ಬಂದವು. ಮಗನಾದ ಎರಡನೆಯ ಪೊಮಾರೆ 1808ರಲ್ಲಿ ಸೋತು ಪಕ್ಕದ ಮೊರೆಯಾ ದ್ವೀಪಕ್ಕೆ ಓಡಿಹೋದವನು, ಅಲ್ಲಿ ಲಂಡನ್ ಮಿಷನರಿ ಸೊಸೈಟಿಯವರ ಒಡನಾಟದಲ್ಲಿ ಹೊಸ ಧರ್ಮದ ಕಡೆ ತಿರುಗಿ, 1815ರ ನವೆಂಬರಿನ ಫೇಯಿ ಪೀ ಕದನದಲ್ಲಿ ತೇವಾ ಪಕ್ಷವನ್ನು ಸೋಲಿಸಿ, ಹಳೆಯ ದೇವರುಗಳನ್ನು ಸುಡಿಸಿ, 1819ರಲ್ಲಿ ದೀಕ್ಷಾಸ್ನಾನ ಪಡೆದು, ಅದೇ ವರ್ಷ ಲಿಖಿತ ಕಾನೂನು ಸಂಹಿತೆಯೊಂದನ್ನು ಜಾರಿಗೆ ತಂದ. 1817ರಲ್ಲಿ ಮೊರೆಯಾದಲ್ಲಿ ಮುದ್ರಣಯಂತ್ರ ಸ್ಥಾಪನೆಯಾದಾಗ ಮೊದಲ ಅಚ್ಚುಮೊಳೆಗಳನ್ನು ಜೋಡಿಸಿದವನೂ ಅವನೇ. ಇದು ಗಟ್ಟಿಗನ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮರಾಯೆಗಳನ್ನು ಕೆಡವಿದ ದೊರೆ ತನ್ನ ಹುಟ್ಟಿನ ಪಾವಿತ್ರ್ಯಕ್ಕಿದ್ದ ಆಧಾರವನ್ನೂ ಕೆಡವಿದಂತಾಯಿತು. ಅಲ್ಲಿಂದ ಮುಂದೆ ಪೊಮಾರೆಗಳ ಅಧಿಕಾರವು ಪವಿತ್ರ ಪಟ್ಟಿಯ ಮೇಲಲ್ಲ, ಮಿಷನರಿಗಳ ಮೆಚ್ಚುಗೆ, ಜಿಲ್ಲಾ ನಾಯಕರ ಒಪ್ಪಿಗೆ ಮತ್ತು ಹಡಗುಗಳ ವ್ಯಾಪಾರ ಎಂಬ ಮೂರು ಕಂಬಗಳ ಮೇಲೆ ನಿಂತಿತು.

ಈ ರಾಜಕೀಯದ ಕೆಳಗೆ ಜನಸಂಖ್ಯೆಯ ಕುಸಿತ ನಡೆದೇ ಇತ್ತು. 1774ರಲ್ಲಿ ಕುಕ್ ದ್ವೀಪದಲ್ಲಿ 2 ಲಕ್ಷಕ್ಕೂ ಹೆಚ್ಚು ಜನರಿದ್ದಾರೆಂದು ಅಂದಾಜು ಮಾಡಿದ್ದ. ಅದು ಅತಿಯಾದ ಊಹೆಯೆಂದೇ ಇಂದಿನ ಹೆಚ್ಚಿನ ವಿದ್ವಾಂಸರು ಎಣಿಸುತ್ತಾರೆ. ಆದರೆ 1797ರಲ್ಲಿ ಡಫ್ ಹಡಗಿನಲ್ಲಿ ಬಂದ ಮಿಷನರಿಗಳ ಎಣಿಕೆ ಸುಮಾರು 16,000ಕ್ಕೆ ಇಳಿದಿತ್ತು, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅದರ ಅರ್ಧದಷ್ಟು ಜನರು ಮಾತ್ರ ಉಳಿದಿದ್ದರು. ಆಮಶಂಕೆ, ಇನ್‌ಫ್ಲುಯೆಂಜ, ಸಿಡುಬು, ಕ್ಷಯ, ಲೈಂಗಿಕ ರೋಗಗಳು, ಇವುಗಳ ಜೊತೆಗೆ ಒಳಯುದ್ಧ ಮತ್ತು ಮದ್ಯ. ಇಷ್ಟೆಲ್ಲವನ್ನೂ ಒಟ್ಟಿಗೆ ಎದುರಿಸಿದ ಸಮಾಜದಲ್ಲಿ ವಂಶಪರಂಪರೆಯ ನೆನಪು, ಜಮೀನಿನ ಗಡಿಯ ನೆನಪು, ನಾಯಕರಿಗೆ ಸಲ್ಲಬೇಕಾದ ಕಾಣಿಕೆಯ ಕಟ್ಟಳೆ ಯಾವುದೂ ಮೊದಲಿನಂತೆ ಉಳಿಯುವುದು ಸಾಧ್ಯವಿರಲಿಲ್ಲ. ರಾಜಮನೆತನವೂ ಇದಕ್ಕೆ ಹೊರತಾಗಿರಲಿಲ್ಲ. ಮೂರನೆಯ ಪೊಮಾರೆ ಕೂಸಾಗಿದ್ದಾಗಲೇ ಪಟ್ಟಕ್ಕೆ ಬಂದು 1827ರಲ್ಲಿ ಬಾಲಕನಾಗಿಯೇ ತೀರಿಕೊಂಡದ್ದರಿಂದ, ಅವನ ಅಕ್ಕ ಐಮಾತಾ, ನಾಲ್ಕನೆಯ ಪೊಮಾರೆ ಎಂಬ ಹೆಸರಿನಲ್ಲಿ ರಾಣಿಯಾದಳು.

ಐವತ್ತು ವರ್ಷ ಪಟ್ಟದಲ್ಲಿದ್ದ ಈ ರಾಣಿಯ ಕಾಲದಲ್ಲಿಯೇ ತಾಹಿತಿಯ ಸ್ವಾತಂತ್ರ್ಯ ಹೋಯಿತೆಂಬುದು ಇತಿಹಾಸಕಾರರಲ್ಲಿ ಈಗ ಹೆಚ್ಚುಕಡಿಮೆ ಒಪ್ಪಿತವಾದ ಮಾತು. 1836ರಲ್ಲಿ ಇಬ್ಬರು ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಗಳನ್ನು ದ್ವೀಪದಿಂದ ಹೊರಹಾಕಿದ್ದು ನೆಪವಾಗಿ, 1838ರಲ್ಲಿ ನೌಕಾಧಿಕಾರಿ ದ್ಯುಪೆತಿ-ಥುವಾರ್ ಯುದ್ಧನೌಕೆಯೊಂದಿಗೆ ಬಂದು ದಂಡ ವಸೂಲಿ ಮಾಡಿದ. 1842ರಲ್ಲಿ ಅವನೇ ಮತ್ತೆ ಬಂದಾಗ, ರಾಣಿ ಮೊರೆಯಾದಲ್ಲಿದ್ದ ಸಮಯ ನೋಡಿ, ಕೆಲವು ನಾಯಕರು ಫ್ರಾನ್ಸಿನ ರಕ್ಷಣೆ ಕೋರುವ ಪತ್ರಕ್ಕೆ ಸಹಿ ಹಾಕಿದರು, ಬಳಿಕ ರಾಣಿಯ ಸಹಿಯನ್ನೂ ಪಡೆಯಲಾಯಿತು. ‘ರಕ್ಷಿತ ರಾಜ್ಯ’ ಎಂಬ ಈ ವ್ಯವಸ್ಥೆಯಲ್ಲಿ ದೊರೆಯ ಪೀಠ ಉಳಿಯುತ್ತದೆ, ವಿದೇಶ ವ್ಯವಹಾರ ರಕ್ಷಕ ರಾಷ್ಟ್ರಕ್ಕೆ ಸೇರುತ್ತದೆ, ಒಳಾಡಳಿತ ಯಾರದೆಂಬುದು ಬಲಾಬಲದ ಮೇಲೆ ತೀರ್ಮಾನವಾಗುತ್ತದೆ. ಬ್ರಿಟಿಷ್ ಕಾನ್ಸುಲ್ ಆಗಿದ್ದ ಮಿಷನರಿ ಜಾರ್ಜ್ ಪ್ರಿಚರ್ಡ್‌ನ ಬಂಧನ ಮತ್ತು ಗಡೀಪಾರಿನಿಂದ 1844ರಲ್ಲಿ ಲಂಡನ್–ಪ್ಯಾರಿಸ್ಸುಗಳ ನಡುವೆ ಬಿಗಿ ಬೆಳೆದರೂ ಬ್ರಿಟನ್ ತಾಹಿತಿಗಾಗಿ ಯುದ್ಧಕ್ಕೆ ಇಳಿಯಲಿಲ್ಲ. ಯುದ್ಧ ಮಾಡಿದವರು ತಾಹಿತಿಯ ಜನರೇ. 1844ರಿಂದ ಸುಮಾರು ಮೂರು ವರ್ಷ ಕಣಿವೆಗಳಲ್ಲಿ ಕಾದಾಡಿ, 1846ರ ಡಿಸೆಂಬರಿನಲ್ಲಿ ಫೌತವಾ ಕಣಿವೆಯ ಕೋಟೆ ಬಿದ್ದ ಮೇಲೆ ಶರಣಾದರು. ರಾಯತೇಯಾ ದ್ವೀಪದಲ್ಲಿ ಆಶ್ರಯ ಪಡೆದಿದ್ದ ರಾಣಿ 1847ರಲ್ಲಿ ಹಿಂತಿರುಗಿ ಹೊಸ ಒಪ್ಪಂದಕ್ಕೆ ತಲೆಬಾಗಿದಳು.

ಸಾಮಾನ್ಯ ಓದುಗರ ಕಣ್ಣಿಗೆ ಬೀಳದೆ ಹೋಗಿರುವುದು ಆ ಬಳಿಕದ ಮೂವತ್ತು ವರ್ಷಗಳ ಸವಕಳಿ. ನಾಯಕರ ಮತ್ತು ಜಿಲ್ಲಾ ಪ್ರತಿನಿಧಿಗಳ ಶಾಸನಸಭೆಯೊಂದು ಮಿಷನರಿಗಳ ಕಾಲದಿಂದ ನಡೆದುಬಂದಿತ್ತು. ಅದೇ ಸಭೆ 1866ರ ಮಾರ್ಚ್ 28ರ ಕಾನೂನಿನ ಮೂಲಕ, ಜಮೀನಿನ ವ್ಯಾಜ್ಯಗಳನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ ತಾಹಿತಿಯ ಕಾನೂನಿಗೆ ಬದಲು ಫ್ರೆಂಚ್ ಕಾನೂನನ್ನು ಒಪ್ಪಿಕೊಂಡಿತು. ಒಂದು ರಾಜ್ಯಕ್ಕೆ ತನ್ನದೇ ಕಾನೂನಿಲ್ಲ, ಸೈನ್ಯವಿಲ್ಲ, ವಿದೇಶ ನೀತಿಯಿಲ್ಲ, ಬೊಕ್ಕಸದ ಮೇಲೆ ಹಿಡಿತವಿಲ್ಲ ಎಂದಾದ ಮೇಲೆ ಅದರ ಪರಮಾಧಿಕಾರವನ್ನು ಯಾವ ಅರ್ಥದಲ್ಲಿ ಪರಮಾಧಿಕಾರವೆನ್ನಬೇಕು? ಈ ನಡುವೆ ಆರ್ಥಿಕ ಚಟುವಟಿಕೆಯ ಕೇಂದ್ರ ಪಪೇಟೆ ಬಂದರಿನ ವಿದೇಶಿ ವರ್ತಕರ ಕೈಗೆ ಹೋಗಿತ್ತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ಅತಿಮಾವೊನೊದಲ್ಲಿ ಎದ್ದ ವಿಲಿಯಂ ಸ್ಟೂಅರ್ಟ್‌ನ ದೊಡ್ಡ ತೋಟಕ್ಕೆ 1865ರಿಂದ ಚೀನಾದ ಕೂಲಿಗಳನ್ನು ಕರೆತರಲಾಯಿತು. ಬೆಲೆ ಇಳಿದು ತೋಟ ದಿವಾಳಿಯಾದರೂ ಕೂಲಿಗಳಲ್ಲಿ ಕೆಲವರು ಉಳಿದು, ಮುಂದೆ ದ್ವೀಪದ ಅಂಗಡಿ ವ್ಯಾಪಾರದಲ್ಲಿ ನೆಲೆಯೂರಿದ ಚೀನೀ ಸಮುದಾಯಕ್ಕೆ ಬೀಜವಾದರು. ಈ ಯಾವ ಬದಲಾವಣೆಯಲ್ಲೂ ಅರಮನೆಗೆ ಹೇಳಿಕೊಳ್ಳುವಂಥ ಪಾತ್ರವಿರಲಿಲ್ಲ.

ರಾಣಿಯ ಮಗನಾದ ಐದನೆಯ ಪೊಮಾರೆ ಹುಟ್ಟಿದ್ದು 1839ರ ನವೆಂಬರ್ 3ರಂದು, ಅಂದರೆ ಮೊದಲ ಫ್ರೆಂಚ್ ದಂಡ ವಸೂಲಿಯ ಮರುವರ್ಷ. ಅವನಿಗೆ ಮೂರು ವರ್ಷ ತುಂಬುವಷ್ಟರಲ್ಲಿ ನಾಡು ರಕ್ಷಿತ ರಾಜ್ಯವಾಗಿತ್ತು. ಸ್ವತಂತ್ರ ತಾಹಿತಿಯ ನೆನಪೇ ಇಲ್ಲದ ಮೊದಲ ಪೊಮಾರೆ ಅವನು. ಹಿರಿಯ ಸೋದರನ ಸಾವಿನಿಂದ 1855ರಲ್ಲಿ ಉತ್ತರಾಧಿಕಾರಿಯಾದ ಅವನು ಇಪ್ಪತ್ತೆರಡು ವರ್ಷ ಕಾಯುತ್ತ ಕುಳಿತ. ಕಾಯುವುದಲ್ಲದೆ ಬೇರೆ ಕೆಲಸವನ್ನು ಆ ವ್ಯವಸ್ಥೆ ಅವನಿಗೆ ಕೊಟ್ಟಿರಲಿಲ್ಲ. ಹುವಾಹಿನೆಯ ರಾಜಕುಲದ ಹೆಣ್ಣಿನೊಂದಿಗಿನ ಮೊದಲ ಮದುವೆ 1861ರಲ್ಲಿ ಮುರಿಯಿತು. 1875ರ ಜನವರಿಯಲ್ಲಿ ಅವನು ಮಾರಾವಳನ್ನು ಮದುವೆಯಾದಾಗ ಅವಳಿಗಿನ್ನೂ ಹದಿನೈದು ತುಂಬಿರಲಿಲ್ಲ, ವರನಿಗೆ ಮೂವತ್ತೈದು. ಅವಳ ತಂದೆ ಅಲೆಕ್ಸಾಂಡರ್ ಸಾಲ್ಮನ್ ಲಂಡನ್ನಿನಿಂದ ಬಂದು ನೆಲೆಸಿದ ಯಹೂದಿ ವರ್ತಕನಾಗಿದ್ದುದರಿಂದ, ಈ ಮದುವೆಯು ತೇವಾ ಕುಲದ ರಕ್ತ, ಪಪೇಟೆಯ ಹಣ ಮತ್ತು ಪೊಮಾರೆಗಳ ಪೀಠ ಮೂರನ್ನೂ ಒಂದುಗೂಡಿಸುವ ಲೆಕ್ಕಾಚಾರವಾಗಿತ್ತು. ಲೆಕ್ಕ ತಪ್ಪಿತು. ದಂಪತಿಗಳು ಬೇಗನೆ ಬೇರೆಯಾದರು, ಪಟ್ಟಾಭಿಷೇಕದ ಹೊತ್ತಿಗೆ ಫ್ರೆಂಚರ ಮಧ್ಯಸ್ಥಿಕೆಯಿಂದ ಒಂದಾದಂತೆ ಕಂಡರು, ಮತ್ತೆ ಬೇರೆಯಾದರು. ರಾಜನ ಕುಡಿತದ ವಿಷಯದಲ್ಲಿ ಪರಸ್ಪರ ವಿರೋಧಿ ಆಕರಗಳೂ ಒಂದೇ ಮಾತು ಹೇಳುವುದರಿಂದ ಅದನ್ನು ಕೇವಲ ಅಪಪ್ರಚಾರವೆಂದು ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ರಾಜ್ಯನಾಶದ ಕಾರಣವೆನ್ನುವುದಕ್ಕಿಂತ ಪರಿಣಾಮಗಳಲ್ಲೊಂದೆನ್ನುವುದು ಕಾಲಾನುಕ್ರಮಕ್ಕೆ ಹೆಚ್ಚು ಹೊಂದುತ್ತದೆ.

1880ರಲ್ಲಿ ಫ್ರಾನ್ಸಿಗೆ ಅಷ್ಟು ಅವಸರವೇಕೆ ಎಂಬುದು ಇನ್ನೊಂದು ಚರ್ಚೆ. ಪನಾಮಾ ಕಾಲುವೆಯನ್ನು ತೋಡುವ ಫರ್ಡಿನೆಂಡ್ ದ ಲೆಸೆಪ್ಸ್‌ನ ಯೋಜನೆ ಆಗ ಆರಂಭದ ಹಂತದಲ್ಲಿತ್ತು. ಕಾಲುವೆ ತೆರೆದರೆ ಪನಾಮಾದಿಂದ ಆಸ್ಟ್ರೇಲಿಯಾಕ್ಕೆ ಹೋಗುವ ಹಾದಿಯಲ್ಲಿ ಹಬೆಹಡಗುಗಳಿಗೆ ಕಲ್ಲಿದ್ದಲು ತುಂಬಿಸುವ ಠಾಣೆಯಾಗಿ ತಾಹಿತಿಗೆ ಬೆಲೆ ಬರುತ್ತದೆಂದು ಪ್ಯಾರಿಸ್ ಎಣಿಸಿತು. ಜರ್ಮನ್ ವರ್ತಕರು ಸಮೋವಾ ಮತ್ತು ಸುತ್ತಲಿನ ದ್ವೀಪಗಳಲ್ಲಿ ಬೇರು ಬಿಡುತ್ತಿದ್ದುದೂ, ಬ್ರಿಟನ್ 1874ರಲ್ಲಿ ಫಿಜಿಯನ್ನು ಸೇರಿಸಿಕೊಂಡದ್ದೂ ಆತಂಕಕ್ಕೆ ಕಾರಣವಾದವು. ಇದಕ್ಕೆ ಸ್ಥಳೀಯ ಕಾರಣವೊಂದೂ ಕೂಡಿಕೊಂಡಿತು: ರಾಜನಿಗೆ ನಿರ್ವಿವಾದ ಉತ್ತರಾಧಿಕಾರಿಯಿರಲಿಲ್ಲ, ಅವನ ಬಳಿಕ ಪೀಠವು ಬ್ರಿಟಿಷ್ ನಂಟಿನ ಸಾಲ್ಮನ್ ಕುಟುಂಬದ ಪ್ರಭಾವಕ್ಕೆ ಒಳಗಾಗಬಹುದೆಂಬ ಶಂಕೆ ಅಧಿಕಾರಿಗಳನ್ನು ಕಾಡುತ್ತಿತ್ತು. ಆಯುಕ್ತ ಇಸಿದೋರ್ ಶೆಸ್ಸೆ ಈ ಸನ್ನಿವೇಶವನ್ನು ಚುರುಕಾಗಿ ಬಳಸಿಕೊಂಡು, ರಾಜನ ಸಹಿಯ ಜೊತೆಗೆ ಜಿಲ್ಲಾ ನಾಯಕರ ಸಹಿಗಳನ್ನೂ ಪಡೆದ.

ಆ ಪತ್ರವನ್ನು ಗಮನವಿಟ್ಟು ಓದಿದರೆ ‘ಮಾರಾಟ’ ಎಂಬ ಪದ ಅದಕ್ಕೆ ಸರಿಯಾಗಿ ಒಪ್ಪುವುದಿಲ್ಲ. ತಾಹಿತಿಯ ಕಾನೂನು ಮತ್ತು ಪದ್ಧತಿಗಳನ್ನು ಗಮನದಲ್ಲಿಟ್ಟುಕೊಂಡು ಆಳ್ವಿಕೆ ನಡೆಯಬೇಕು, ಸಣ್ಣಪುಟ್ಟ ವ್ಯವಹಾರಗಳು ಜಿಲ್ಲಾ ಮಂಡಲಿಗಳಲ್ಲೇ ತೀರ್ಮಾನವಾಗಬೇಕು, ಜಮೀನಿಗೆ ಸಂಬಂಧಿಸಿದ ಎಲ್ಲ ವ್ಯಾಜ್ಯಗಳು ತಾಹಿತಿಯ ನ್ಯಾಯಮಂಡಲಿಗಳ ಮುಂದೆಯೇ ಬರಬೇಕು ಎಂಬ ಷರತ್ತುಗಳನ್ನು ದೊರೆಯೂ ನಾಯಕರೂ ಅದರಲ್ಲಿ ಸೇರಿಸಿದ್ದರು. 1866ರ ಕಾನೂನಿನ ಬಳಿಕ ತಾಹಿತಿಯವರ ಕೈಯಲ್ಲಿ ಉಳಿದಿದ್ದುದು ಜಮೀನಿನ ನ್ಯಾಯವೊಂದೇ. ಅದನ್ನೇ ಕಾಪಾಡಿಕೊಳ್ಳಲು ಅವರು ಪ್ರಯತ್ನಿಸಿದರು ಎಂಬುದು, ಸಹಿ ಹಾಕಿದವರಿಗೆ ತಾವೇನು ಕಳೆದುಕೊಳ್ಳುತ್ತಿದ್ದೇವೆ ಎಂಬ ಅರಿವು ಚೆನ್ನಾಗಿಯೇ ಇತ್ತೆನ್ನುವುದಕ್ಕೆ ಪುರಾವೆ. 1880ರ ಡಿಸೆಂಬರ್ 30ರ ಕಾನೂನಿನಿಂದ ಫ್ರಾನ್ಸ್ ಒಪ್ಪಂದವನ್ನು ಸ್ಥಿರೀಕರಿಸಿ, ರಾಜನ ಹಿಂದಿನ ಪ್ರಜೆಗಳಿಗೆಲ್ಲ ಫ್ರೆಂಚ್ ರಾಷ್ಟ್ರೀಯತೆಯನ್ನು ನೀಡಿತು; ಆ ಕಾಲದ ವಸಾಹತುಗಳಲ್ಲಿ ಇದು ಅಪರೂಪ.

ಐದನೆಯ ಪೊಮಾರೆಯ ಮೇಲೆ ನಿಜವಾಗಿ ಹೊರಿಸಬೇಕಾದ ಆರೋಪವಿದ್ದರೆ ಅದು 1880ರದಲ್ಲ, 1887ರದು. ಆ ವರ್ಷದ ಆಗಸ್ಟ್ 24ರ ಆಜ್ಞೆಯೊಂದು, ಜಮೀನಿನ ಮೇಲೆ ಹಕ್ಕಿದೆಯೆನ್ನುವವರೆಲ್ಲ ನಿಗದಿತ ಅವಧಿಯೊಳಗೆ ಲಿಖಿತವಾಗಿ ಘೋಷಿಸಿಕೊಳ್ಳಬೇಕೆಂದು ವಿಧಿಸಿತು. ಹೀಗೆ ದೊರೆತ ಹಕ್ಕುಪತ್ರಗಳಿಗೆ ‘ತೊಮಿತೆ’ ಎಂದು ಹೆಸರು ಬಂತು. ಜಮೀನನ್ನು ಪರಿಶೀಲಿಸುವ ‘ಕಮಿಟಿ’ ಎಂಬ ಪದವೇ ತಾಹಿತಿಯ ನಾಲಗೆಯಲ್ಲಿ ಈ ರೂಪ ತಾಳಿತು. ಕುಲವೊಂದು ಒಟ್ಟಾಗಿ ಉಣ್ಣುತ್ತಿದ್ದ ಭೂಮಿಯನ್ನು ಒಬ್ಬನೋ ಇಬ್ಬರೋ ತಮ್ಮ ಹೆಸರಿನಲ್ಲಿ ಬರೆಸಿಕೊಂಡರೆ, ಮಿಕ್ಕವರ ಹಕ್ಕು ನೆನಪಿನಲ್ಲಿ ಮಾತ್ರ ಉಳಿಯಿತು. ಅದೇ ವರ್ಷದ ಡಿಸೆಂಬರ್ 29ರಂದು ರಾಜನು ಗವರ್ನರನೊಂದಿಗೆ ಇನ್ನೊಂದು ಒಡಂಬಡಿಕೆಗೆ ಸಹಿ ಹಾಕಿ, ತಾಹಿತಿಯ ನ್ಯಾಯಮಂಡಲಿಗಳ ರದ್ದತಿಗೆ ಒಪ್ಪಿಕೊಂಡ. 1891ರ ಮಾರ್ಚ್ 10ರ ಕಾನೂನು ಅದನ್ನು ಸ್ಥಿರಗೊಳಿಸಿತು. ಏಳು ವರ್ಷದ ಹಿಂದೆ ಷರತ್ತು ಹಾಕಿ ಉಳಿಸಿಕೊಂಡದ್ದನ್ನು ಅದೇ ಕೈ ಸದ್ದಿಲ್ಲದೆ ಬಿಟ್ಟುಕೊಟ್ಟಿತು. ಜೂನ್ 29 ಎಲ್ಲರಿಗೂ ಗೊತ್ತಿರುವ ತಾರೀಖಾಗಿದ್ದು, ಡಿಸೆಂಬರ್ 29 ವಕೀಲರಿಗಷ್ಟೇ ಪರಿಚಿತವಾಗಿ ಉಳಿದಿರುವುದು ಈ ಇತಿಹಾಸದ ಒಂದು ವಿಪರ್ಯಾಸ.

ಒಂದು ರಾಜ್ಯದ ಅಳಿವನ್ನು ದೊರೆಯ ಗುಣದೋಷಗಳಿಂದ ವಿವರಿಸುವುದು ಎಷ್ಟು ಸಾಲದು ಎಂಬುದು ನೆರೆಯ ಪಾಲಿನೇಷ್ಯದ ಉದಾಹರಣೆಗಳಿಂದಲೂ ತಿಳಿಯುತ್ತದೆ. ಹವಾಯಿಯ ರಾಣಿ ಲಿಲಿಉಒಕಲಾನಿ ವಿದ್ಯಾವಂತೆ, ಸಂಗೀತ ರಚಿಸುತ್ತಿದ್ದವಳು, ಹೊಸ ಸಂವಿಧಾನದ ಮೂಲಕ ಪೀಠದ ಅಧಿಕಾರವನ್ನು ಮರಳಿ ಪಡೆಯಲು ಹೊರಟವಳು. ಆದರೂ 1893ರ ಜನವರಿಯಲ್ಲಿ ವರ್ತಕರ ಮತ್ತು ತೋಟಗಾರರ ಗುಂಪು ಅವಳನ್ನು ಕೆಳಗಿಳಿಸಿತು, 1898ರಲ್ಲಿ ಅಮೆರಿಕ ದ್ವೀಪಗಳನ್ನು ನುಂಗಿತು. ಟೋಂಗಾದಲ್ಲಿ ಮಾತ್ರ ಮೊದಲನೆಯ ಜಾರ್ಜ್ ಟುಪೊ 1875ರ ಸಂವಿಧಾನದಲ್ಲಿ ಭೂಮಿಯ ಮಾರಾಟವನ್ನೇ ನಿಷೇಧಿಸಿದ, ಅವನ ವಂಶ ಇಂದಿಗೂ ಪೀಠದಲ್ಲಿದೆ. ಟೋಂಗಾದ ಉಳಿವಿಗೆ ಬ್ರಿಟನ್–ಜರ್ಮನಿಗಳ ಪರಸ್ಪರ ಪೈಪೋಟಿಯೂ ಕಾರಣವೆಂಬುದು ನಿಜ. ಆದರೆ ಹೊರಗಿನವರ ಕೈಗೆ ನೆಲವೇ ಸಿಗದಂತೆ ಮಾಡಿದ ಆ ಕ್ರಮಕ್ಕೆ ಸಮನಾದುದು ತಾಹಿತಿಯಲ್ಲಿ ಸಕಾಲದಲ್ಲಿ ನಡೆಯಲಿಲ್ಲ, ನಡೆಯಬೇಕಾಗಿದ್ದ ಕಾಲ ಐದನೆಯ ಪೊಮಾರೆಯದೂ ಅಲ್ಲ.

1891ರ ಜೂನ್ 12ರಂದು ಅವನು ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಆಗಷ್ಟೇ ಪಪೇಟೆಗೆ ಬಂದಿಳಿದಿದ್ದ ಚಿತ್ರಕಾರ ಪಾಲ್ ಗೊಗ್ಯಾಂ ಶವಯಾತ್ರೆಯನ್ನು ಕಂಡು, ಹಳೆಯ ತಾಹಿತಿ ಇವನೊಂದಿಗೆ ಮುಗಿಯಿತೆಂಬ ಭಾವದಲ್ಲಿ ಬರೆದ. ಮರುವರ್ಷ ‘ಅರೀ ಮಾತಾಮೊಎ’ ಎಂಬ ಚಿತ್ರದಲ್ಲಿ, ಅಲಂಕೃತ ಕೋಣೆಯೊಂದರ ನಡುವೆ ತಟ್ಟೆಯ ಮೇಲಿಟ್ಟ ರಾಜನ ಕಡಿದ ತಲೆಯನ್ನು ಬಿಡಿಸಿದ. ಪೊಮಾರೆಯ ತಲೆಯನ್ನು ಯಾರೂ ಕಡಿದಿರಲಿಲ್ಲ, ಹಾಗೆ ತಲೆಯನ್ನು ಪ್ರದರ್ಶಿಸುವ ಶವಸಂಸ್ಕಾರವೂ ಅಲ್ಲಿರಲಿಲ್ಲ. ಅರುಯೆಯ ಕಡಲಂಚಿನಲ್ಲಿ ಹವಳದ ಕಲ್ಲುಗಳಿಂದ ಕಟ್ಟಿದ ಸಮಾಧಿಯ ವಿಷಯದಲ್ಲಿಯೂ ಇಂಥದೇ ಕಲ್ಪನೆ ಬೆಳೆಯಿತು. 1879ರಲ್ಲಿ ರಾಣಿಯಾಗಿದ್ದ ತಾಯಿಗಾಗಿ ಕಟ್ಟಿಸಿದ್ದ ಆ ಗೋಪುರದಲ್ಲಿ ಕೊನೆಗೆ ನೆಲೆ ಪಡೆದವನು ಮಗ. ಅದರ ತುದಿಯಲ್ಲಿರುವ ಕೆಂಪು ಕಲಶವು ಅವನಿಗೆ ಪ್ರಿಯವಾಗಿದ್ದ ಬೆನಡಿಕ್ಟೀನ್ ಮದ್ಯದ ಶೀಸೆಯ ಪ್ರತಿರೂಪವೆಂದು ಪ್ರವಾಸಿ ಕೈಪಿಡಿಗಳು ತಲೆಮಾರುಗಳಿಂದ ಹೇಳುತ್ತ ಬಂದಿವೆ. ಅದು ಗ್ರೀಕ್ ಮಾದರಿಯ ಚಿತಾಭಸ್ಮದ ಕಲಶ, ಆ ಕಾಲದ ಯುರೋಪಿನ ಯಾವ ಸ್ಮಶಾನದಲ್ಲಾದರೂ ಕಾಣಬಹುದಾದ ಅಲಂಕಾರ.

1984ರ ಸ್ವಾಯತ್ತತೆಯ ಕಾನೂನಿನ ಬಳಿಕ ಜೂನ್ 29ನ್ನು ಫ್ರೆಂಚ್ ಪಾಲಿನೇಷ್ಯದ ಸ್ವಾಯತ್ತತೆಯ ದಿನವಾಗಿ ಆಚರಿಸುವ ಪದ್ಧತಿ ಆರಂಭವಾಯಿತು. ಸ್ವಾತಂತ್ರ್ಯವಾದಿಗಳು ಅದೇ ದಿನವನ್ನು ಶೋಕದಿನವೆಂದು ಕರೆದರು. 2013ರ ಮೇ 17ರಂದು ವಿಶ್ವಸಂಸ್ಥೆಯ ಮಹಾಸಭೆ ಆ ಪ್ರದೇಶವನ್ನು ಸ್ವಯಮಾಡಳಿತವಿಲ್ಲದ ನಾಡುಗಳ ಪಟ್ಟಿಗೆ ಮತ್ತೆ ಸೇರಿಸಿದಾಗ ಈ ವಾದಕ್ಕೆ ಹೊಸ ವೇದಿಕೆ ದೊರೆಯಿತು. ಆದರೆ ಸಾಮಾನ್ಯ ತಾಹಿತಿ ಕುಟುಂಬಗಳನ್ನು ಐದನೆಯ ಪೊಮಾರೆಯ ಕಾಲಕ್ಕೆ ಕಟ್ಟಿಹಾಕಿರುವುದು ಆ ತಾರೀಖಲ್ಲ, ತೊಮಿತೆ. ಮುತ್ತಜ್ಜನ ಹೆಸರಿನಲ್ಲಿರುವ ಒಂದು ಹಕ್ಕುಪತ್ರಕ್ಕೆ ಇಂದು ಹತ್ತಾರು, ಕೆಲವೊಮ್ಮೆ ನೂರಾರು ಮಂದಿ ವಾರಸುದಾರರು. ಅವರಲ್ಲಿ ಯಾರ ಪಾಲು ಎಷ್ಟೆಂಬುದನ್ನು ತೀರ್ಮಾನಿಸುವುದಕ್ಕೆಂದೇ, ಜಮೀನಿನ ನ್ಯಾಯ ತಮ್ಮ ಮಂಡಲಿಗಳಲ್ಲೇ ನಡೆಯಲೆಂದು ದೊರೆ ಮತ್ತು ನಾಯಕರು ಕೇಳಿದ್ದ ಸುಮಾರು ನೂರ ಮೂವತ್ತೇಳು ವರ್ಷಗಳ ನಂತರ, 2017ರ ಡಿಸೆಂಬರಿನಲ್ಲಿ ಪಪೇಟೆಯಲ್ಲಿ ಪ್ರತ್ಯೇಕ ಭೂನ್ಯಾಯಾಲಯವೊಂದು ಬಾಗಿಲು ತೆರೆಯಿತು.